ಕದ್ದದ್ದಾದರೂ ಏನು?

ಸುಪ್ರೀಂ ಕೋರ್ಟಿನ 1998ರ ತೀರ್ಪುಗಳಲ್ಲಿ ‘ಕೆ. ಚಂದ್ರಶೇಖರ್ ಮತ್ತು ಕೇರಳ ರಾಜ್ಯ’ ಎಂಬುದೊಂದಿದೆ. ಸಿಬಿಐ ತನಿಖೆಗೆ ಒಪ್ಪಿಗೆ ಕೊಟ್ಟ ರಾಜ್ಯ ಸರ್ಕಾರ ನಡುವೆ ಮನಸ್ಸು ಬದಲಿಸಿ ಆ ಒಪ್ಪಿಗೆಯನ್ನು ವಾಪಸು ಪಡೆಯಬಹುದೇ ಎಂಬ ತಕರಾರು ಎದ್ದಾಗ ವಕೀಲರು ಇದನ್ನು ಉಲ್ಲೇಖಿಸುತ್ತಾರೆ. ಕಾನೂನು ಓದುವ ಹುಡುಗರಿಗೆ ಇದು ಪರೀಕ್ಷೆಗೆ ಬರುವ ಒಂದು ಹೆಸರು ಅಷ್ಟೆ. ಆ ಚಂದ್ರಶೇಖರ್ ಬೆಂಗಳೂರಿನವರು, ವ್ಯವಹಾರಸ್ಥರು, ಸೋವಿಯತ್ ಕಾಲದ ಕೊನೆಯಲ್ಲಿ ಗ್ಲಾವ್‌ಕಾಸ್ಮೋಸ್ ಎಂಬ ಬಾಹ್ಯಾಕಾಶ ಸಂಸ್ಥೆಗೆ ಭಾರತದಲ್ಲಿ ಪ್ರತಿನಿಧಿಯಾಗಿದ್ದವರು ಎಂಬುದು ತೀರ್ಪನ್ನು ಬಾಯಿಪಾಠ ಮಾಡಿದವರಿಗೂ ಗೊತ್ತಿರುವುದು ಕಡಿಮೆ.

ಆ ತೀರ್ಪು ಹುಟ್ಟಿದ್ದು ‘ಇಸ್ರೋ ಬೇಹುಗಾರಿಕೆ ಪ್ರಕರಣ’ದಿಂದ. ಆ ಪ್ರಕರಣ ಎಂದೊಡನೆ ನಮಗೆ ನೆನಪಾಗುವುದು ತಿರುವನಂತಪುರ, ವಿಜ್ಞಾನಿ ನಂಬಿ ನಾರಾಯಣನ್, ಇತ್ತೀಚೆಗೆ ಬಂದ ಒಂದು ಸಿನಿಮಾ. ಕೇರಳದ ಕತೆ ಎಂದು ನಾವು ಅದನ್ನು ಬದಿಗಿಟ್ಟುಬಿಟ್ಟಿದ್ದೇವೆ. ಆದರೆ ಆರು ಜನ ಆರೋಪಿಗಳಲ್ಲಿ ಇಬ್ಬರು ಬೆಂಗಳೂರಿನವರು. ಕಳ್ಳತನವಾಯಿತೆಂದು ಹೇಳಲಾದ ಸಂಸ್ಥೆಯ ಮುಖ್ಯ ಕಚೇರಿ ಇರುವುದು ಬೆಂಗಳೂರಿನಲ್ಲಿ. ಆ ಸಂಸ್ಥೆಯ ನಡೆನುಡಿ ರೂಪುಗೊಂಡದ್ದು ಮಲ್ಲೇಶ್ವರದ ಆಚೆಯ ಟಾಟಾ ಇನ್‌ಸ್ಟಿಟ್ಯೂಟಿನ ಮರಗಳ ನೆರಳಿನಲ್ಲಿ. ಹಾಗಾಗಿ ಕತೆಯನ್ನು ಇಲ್ಲಿಂದಲೇ ಶುರು ಮಾಡಬೇಕು.

ವಿಕ್ರಮ್ ಸಾರಾಭಾಯಿ 1971ರ ಡಿಸೆಂಬರ್ 30ರಂದು ಹಠಾತ್ತನೆ ತೀರಿಕೊಂಡರು. ಅವರ ಜಾಗಕ್ಕೆ ಬರಬೇಕೆಂದು ಇಂದಿರಾ ಗಾಂಧಿ ಕೇಳಿದ್ದು ಸತೀಶ್ ಧವನ್ ಅವರನ್ನು. ಧವನ್ ಆಗ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಟಾಟಾ ಇನ್‌ಸ್ಟಿಟ್ಯೂಟಿನ, ನಿರ್ದೇಶಕರು. ಆ ವರ್ಷ ರಜೆಯ ಮೇಲೆ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಾಠ ಹೇಳುತ್ತಿದ್ದರು. ಅವರು ಎರಡು ಷರತ್ತು ಹಾಕಿದರು. ಸಂಸ್ಥೆಯ ನಿರ್ದೇಶಕನ ಕುರ್ಚಿಯನ್ನು ಬಿಡುವುದಿಲ್ಲ, ಮತ್ತು ಬಾಹ್ಯಾಕಾಶ ಇಲಾಖೆಯ ಮುಖ್ಯ ಕಚೇರಿ ಬೆಂಗಳೂರಿಗೆ ಬರಬೇಕು. ಎರಡಕ್ಕೂ ದೆಹಲಿ ಒಪ್ಪಿತು. ಪ್ರಧಾನಿ ತಾನಾಗಿ ಕರೆದು ಹುದ್ದೆ ಕೊಡುವಾಗ ‘ನನ್ನ ಪಾಠ ಬಿಡಲಾರೆ’ ಎನ್ನುವ ಮೇಷ್ಟರು ಈಗ ಸಿಗುತ್ತಾರೋ ಇಲ್ಲವೋ, ಅದು ಬೇರೆ ಮಾತು. ಒಟ್ಟಿನಲ್ಲಿ ದೇಶದ ರಾಕೆಟ್ಟು ಉಪಗ್ರಹಗಳ ಆಡಳಿತ ಕೆಂಪೇಗೌಡ ರಸ್ತೆಯ ಕಾವೇರಿ ಭವನಕ್ಕೆ ಬಂತು. ಅದು ಈಗಿನ ಅಂತರಿಕ್ಷ ಭವನಕ್ಕೆ ಹೋದದ್ದು ಆಮೇಲೆ. ಉಡುಪಿ ಕಡೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಅದು ಮೇಲೇರಿತು.

ಹೀಗೆ ಒಂದು ವಿಶ್ವವಿದ್ಯಾಲಯದ ನಿರ್ದೇಶಕರೇ ಸರ್ಕಾರದ ಆಯಕಟ್ಟಿನ ಇಲಾಖೆಯನ್ನೂ ವರ್ಷಗಟ್ಟಲೆ ನಡೆಸಿದ್ದರಿಂದ ಇಸ್ರೋಗೆ ಒಂದು ಗುಣ ಅಂಟಿಕೊಂಡಿತು. ಕಿರಿಯ ಎಂಜಿನಿಯರು ಹಿರಿಯರ ಲೆಕ್ಕವನ್ನು ಸಭೆಯಲ್ಲೇ ಪ್ರಶ್ನಿಸಬಹುದಾಗಿತ್ತು. ಕೈಗೆ ಬೇಕಾದ ಕಾಗದ ಕೈಗೆ ಸಿಗುತ್ತಿತ್ತು. ಟಾಟಾ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕರು ಇಸ್ರೋದ ಸಮಿತಿಗಳಲ್ಲಿ ಕೂರುತ್ತಿದ್ದರು, ಇಸ್ರೋದವರು ಅಲ್ಲಿಗೆ ಹೋಗಿ ಪಿಎಚ್‌.ಡಿ. ಮಾಡುತ್ತಿದ್ದರು. 1982ರಲ್ಲಿ ಎರಡೂ ಸೇರಿ ಬಾಹ್ಯಾಕಾಶ ತಂತ್ರಜ್ಞಾನಕ್ಕೆಂದೇ ಕ್ಯಾಂಪಸ್ಸಿನೊಳಗೆ ಒಂದು ಘಟಕವನ್ನೂ ತೆರೆದವು. ಬೀಗಮುದ್ರೆ ಹಾಕಿದ ಪ್ರಯೋಗಶಾಲೆ ಒಂದು ಬಗೆ, ಬಾಗಿಲು ತೆರೆದ ಪ್ರಯೋಗಶಾಲೆ ಇನ್ನೊಂದು ಬಗೆ. ಇಸ್ರೋ ಎರಡನೆಯದು. ಹನ್ನೆರಡು ವರ್ಷದ ಮೇಲೆ ಪೊಲೀಸರು ಬಂದು ನೋಡಿದಾಗ ಈ ತೆರೆದ ಬಾಗಿಲೇ ಅವರ ಕಣ್ಣಿಗೆ ಗುಮಾನಿಯಾಗಿ ಕಂಡಿತು.

ವಿದ್ಯೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವುದು ಹೇಗೆ ಎನ್ನುವುದಕ್ಕೆ ಇಸ್ರೋದ ಒಳಗೇ ಒಳ್ಳೆಯ ಉದಾಹರಣೆ ಇತ್ತು. 1974ರಲ್ಲಿ ಫ್ರಾನ್ಸಿನ ಎಸ್‌ಇಪಿ ಕಂಪನಿಯೊಡನೆ ಒಂದು ಒಪ್ಪಂದವಾಯಿತು. ಏರಿಯಾನ್ ರಾಕೆಟ್ಟಿನ ವೈಕಿಂಗ್ ಎಂಜಿನ್ನಿನ ತಂತ್ರಜ್ಞಾನವನ್ನು ಅವರು ಕೊಡಬೇಕು; ಅದಕ್ಕೆ ಬದಲಾಗಿ ನಮ್ಮ ಎಂಜಿನಿಯರುಗಳು ಅಲ್ಲಿ ಒಟ್ಟು 100 ಮಾನವ-ವರ್ಷಗಳ ಕೆಲಸ ಮಾಡಿಕೊಡಬೇಕು. ನಂಬಿ ನಾರಾಯಣನ್ ಹೆಸರು ಮೊದಲು ಕೇಳಿಬಂದದ್ದು ಈ ಕೆಲಸದಲ್ಲಿ. ಮಾಲೀಕರೇ ಒಪ್ಪಿ, ಪಕ್ಕದಲ್ಲಿ ಕೂರಿಸಿಕೊಂಡು, ರೇಖಾಚಿತ್ರ ಬಿಡಿಸಿ ಹೇಳಿಕೊಟ್ಟರೂ ನಮ್ಮ ‘ವಿಕಾಸ್’ ಎಂಜಿನ್ ಫ್ರಾನ್ಸಿನ ವರ್ನಾನ್‌ನಲ್ಲಿ ಉರಿದು ಪಾಸಾದದ್ದು 1985ರಲ್ಲಿ. ಹನ್ನೊಂದು ವರ್ಷ ಬೇಕಾಯಿತು. ಮೈಸೂರುಪಾಕಿನ ಅಳತೆ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಎಳೆಪಾಕ ನೋಡುವ ಕೈ ಪುಸ್ತಕದಲ್ಲಿ ಸಿಗುವುದಿಲ್ಲ.

ಇನ್ನೊಂದು ಎಂಜಿನ್ ಇದಕ್ಕಿಂತ ಕಷ್ಟದ್ದು. ಎರಡು ಟನ್ನಿನ ಸಂಪರ್ಕ ಉಪಗ್ರಹವನ್ನು 36,000 ಕಿಲೋಮೀಟರ್ ಎತ್ತರದ ಕಕ್ಷೆಯ ದಾರಿಗೆ ಹಚ್ಚಬೇಕಾದರೆ ರಾಕೆಟ್ಟಿನ ಮೇಲಿನ ಹಂತದಲ್ಲಿ ಕ್ರಯೋಜೆನಿಕ್ ಎಂಜಿನ್ ಬೇಕು. ಆಮ್ಲಜನಕವನ್ನು ಮೈನಸ್ 183 ಡಿಗ್ರಿಗೆ, ಜಲಜನಕವನ್ನು ಮೈನಸ್ 253 ಡಿಗ್ರಿಗೆ ತಂಪು ಮಾಡಿ ದ್ರವರೂಪಕ್ಕೆ ತರಬೇಕು. ಅಷ್ಟು ತಣ್ಣಗಿನ ದ್ರವವನ್ನು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಪಂಪು ತಳ್ಳಬೇಕು. ಅದೇ ಪಂಪಿನ ಇನ್ನೊಂದು ತುದಿಯಲ್ಲಿ ಬಿಸಿ ಅನಿಲ ಟರ್ಬೈನನ್ನು ತಿರುಗಿಸುತ್ತಿರುತ್ತದೆ. ನಡುವೆ ಒಂದು ಸೀಲು. ಆ ಸೀಲು ಸೋರಿದರೆ ಮುಗಿಯಿತು. ಸಾಧಾರಣ ಉಕ್ಕು ಆ ಚಳಿಗೆ ಗಾಜಿನಂತೆ ಒಡೆಯುತ್ತದೆ. ಯಾವ ಮಿಶ್ರಲೋಹ, ಯಾವ ಬೆಸುಗೆ, ಬೆಸುಗೆ ಹಾಕುವ ಕೋಣೆಯಲ್ಲಿ ಗಾಳಿ ಎಷ್ಟು ಖಾಲಿ ಇರಬೇಕು ಎನ್ನುವುದೆಲ್ಲ ವರ್ಷಗಟ್ಟಲೆ ಸುಟ್ಟು, ಒಡೆದು, ಕಲಿತ ಪಾಠ. 1990ರ ಹೊತ್ತಿಗೆ ಈ ಪಾಠ ಕಲಿತ ದೇಶಗಳು ಬೆರಳೆಣಿಕೆಯಷ್ಟು.

ಇಸ್ರೋ ಕೊಳ್ಳಲು ಹೊರಟಾಗ ಅಮೆರಿಕದ ಜನರಲ್ ಡೈನಮಿಕ್ಸ್ ಮುಂದೆ ಬಂತು, ಯೂರೋಪಿನವರೂ ಬಂದರು. ಅವರ ಬೆಲೆ ಕೇಳಿ ತಲೆ ತಿರುಗಿತು. ಎಲ್ಲರಿಗಿಂತ ಅಗ್ಗಕ್ಕೆ, ತಂತ್ರಜ್ಞಾನವನ್ನೂ ಸೇರಿಸಿ ಕೊಡುತ್ತೇವೆಂದದ್ದು ಗ್ಲಾವ್‌ಕಾಸ್ಮೋಸ್: 235 ಕೋಟಿ ರೂಪಾಯಿ. 1991ರ ಜನವರಿ 18ರಂದು ಸಹಿ ಬಿತ್ತು. ವರ್ಷ ಮುಗಿಯುವುದರೊಳಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು.

ತಕರಾರು ಶುರುವಾದದ್ದು ವಾಷಿಂಗ್ಟನ್ನಿನಿಂದ. ಕ್ಷಿಪಣಿ ತಂತ್ರಜ್ಞಾನ ಹರಡದಂತೆ ತಡೆಯುವ 1987ರ ಒಡಂಬಡಿಕೆಗೆ ಈ ವ್ಯವಹಾರ ವಿರುದ್ಧ ಎಂದು ಅಮೆರಿಕ 1992ರ ಮೇ ತಿಂಗಳಲ್ಲಿ ಇಸ್ರೋ ಮತ್ತು ಗ್ಲಾವ್‌ಕಾಸ್ಮೋಸ್ ಎರಡರ ಮೇಲೂ ಎರಡು ವರ್ಷದ ನಿರ್ಬಂಧ ಹಾಕಿತು. ಇಂಧನ ತುಂಬಲು ಗಂಟೆಗಟ್ಟಲೆ ಹಿಡಿಯುವ, ತುಂಬಿಟ್ಟರೆ ಆವಿಯಾಗಿ ಹೋಗುವ ಈ ಎಂಜಿನ್ನನ್ನು ಯಾವ ಸೇನೆಯೂ ಕ್ಷಿಪಣಿಗೆ ಬಳಸುವುದಿಲ್ಲ ಎಂದು ಇಸ್ರೋ ಹೇಳಿತು. ತಮ್ಮದೇ ಕಂಪನಿ ಮಾರಲು ಬಂದಾಗ ಇಲ್ಲದ ಅಪಾಯ ರಷ್ಯದವರು ಮಾರಿದಾಗ ಎಲ್ಲಿಂದ ಬಂತೆಂದೂ ಕೇಳಿತು. ಯಾರೂ ಕಿವಿಗೊಡಲಿಲ್ಲ. ಆಗ ಬೆಂಗಳೂರಿನ ವಿಜ್ಞಾನ ವಲಯಕ್ಕೆ ಇಂಥ ‘ಇಲ್ಲ’ ಹೊಸದೂ ಆಗಿರಲಿಲ್ಲ. ಕೆಲವೇ ವರ್ಷ ಹಿಂದೆ ಕ್ರೇ ಸೂಪರ್ ಕಂಪ್ಯೂಟರ್ ಕೇಳಿದ್ದಕ್ಕೆ ಅಮೆರಿಕ ಅದಕ್ಕಿಂತ ಸಣ್ಣ ಮಾದರಿಯನ್ನು, ಅದೂ ದೆಹಲಿಯಲ್ಲಿ ಮಳೆ ಮುನ್ಸೂಚನೆಗೆಂದು ಕೊಟ್ಟಿತ್ತು. ಹಳೆ ವಿಮಾನ ನಿಲ್ದಾಣದ ರಸ್ತೆಯ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನವರು ಯಾರನ್ನೂ ಕಾಯದೆ 1986ರಲ್ಲೇ ‘ಫ್ಲೋಸಾಲ್ವರ್’ ಎಂಬ ತಮ್ಮದೇ ಸಮಾಂತರ ಕಂಪ್ಯೂಟರನ್ನು ಕಟ್ಟಿಕೊಂಡಿದ್ದರು.

ಹಣಕ್ಕೆ ಒದ್ದಾಡುತ್ತಿದ್ದ ಯೆಲ್ಸಿನ್ ಸರ್ಕಾರ 1993ರ ಜುಲೈನಲ್ಲಿ ಬಾಗಿತು. ತಂತ್ರಜ್ಞಾನ ಕೊಡುವುದಿಲ್ಲ, ತಯಾರಾದ ಎಂಜಿನ್ ಮಾತ್ರ ಕೊಡುತ್ತೇವೆ ಎಂದಾಯಿತು. ಕೊನೆಗೆ ಇಸ್ರೋ ಕೈಗೆ ಬಂದದ್ದು ಏಳು ಎಂಜಿನ್. ನಾವೇ ಮಾಡೋಣವೆಂದು ಇಸ್ರೋ ತನ್ನ ಸ್ವಂತ ಕ್ರಯೋಜೆನಿಕ್ ಯೋಜನೆಯನ್ನು ಆರಂಭಿಸಿದ್ದು 1994ರಲ್ಲಿ. ಆ ಯೋಜನೆಯ ಹೊಣೆ ಹೊತ್ತವರು ನಂಬಿ ನಾರಾಯಣನ್. ಈ ವರ್ಷವನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. 1994ರಲ್ಲಿ ಭಾರತದ ಬಳಿ ಕ್ರಯೋಜೆನಿಕ್ ಎಂಜಿನ್ ಮಾಡುವ ವಿದ್ಯೆ ಇರಲಿಲ್ಲ. ಮಾಡಬೇಕೆಂಬ ಮನಸ್ಸು ಮಾತ್ರ ಇತ್ತು.

ಆ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಪ್ಲೇಗಿನ ಭೀತಿ ಎದ್ದಿತು. ಹೊರದೇಶಗಳು ಭಾರತದ ವಿಮಾನಗಳನ್ನು ನಿಲ್ಲಿಸಿದವು. ತಿರುವನಂತಪುರದಲ್ಲಿದ್ದ ಮಾಲ್ದೀವ್ಸ್‌ನ ಮರಿಯಂ ರಶೀದಾ ಎಂಬಾಕೆ ಊರಿಗೆ ಹೋಗಲಾರದೆ, ವೀಸಾ ಅವಧಿ ವಿಸ್ತರಿಸಿಕೊಡಿ ಎಂದು ಪೊಲೀಸ್ ಕಚೇರಿಗೆ ಹೋದಳು. ವೀಸಾ ಸಿಗಲಿಲ್ಲ. ಅಕ್ಟೋಬರ್ 20ರಂದು, ಅವಧಿ ಮೀರಿ ಉಳಿದಿದ್ದಾಳೆಂದು ವಿದೇಶಿಯರ ಕಾಯ್ದೆಯಡಿ ಬಂಧಿಸಿದರು. ವೀಸಾ ಕೇಳಿ ಹೋದವಳ ಜೊತೆ ಅಧಿಕಾರಿ ಅನುಚಿತವಾಗಿ ನಡೆದುಕೊಂಡ, ಅವಳು ಒಪ್ಪದಿದ್ದುದೇ ಬಂಧನಕ್ಕೆ ಕಾರಣ ಎಂಬುದು ಅವಳು ಆಮೇಲೆ ಮಾಡಿದ ಆರೋಪ.

ತಂಗಿದ್ದ ಹೋಟೆಲಿನ ಫೋನ್ ಲೆಕ್ಕ ತೆಗೆದಾಗ ಇಸ್ರೋದ ದ್ರವ ಇಂಧನ ಕೇಂದ್ರದ ವಿಜ್ಞಾನಿ ಡಿ. ಶಶಿಕುಮಾರನ್ ಅವರಿಗೆ ಮಾಡಿದ ಕರೆಗಳು ಸಿಕ್ಕವು. ಅಷ್ಟು ಸಾಕಾಯಿತು. ಮಾಲ್ದೀವ್ಸ್ ಹೆಂಗಸು, ರಾಕೆಟ್ ವಿಜ್ಞಾನಿ, ಫೋನು. ನವೆಂಬರ್ 13ರಂದು ಅಧಿಕೃತ ರಹಸ್ಯಗಳ ಕಾಯ್ದೆಯಡಿ ಎರಡನೆಯ ಮೊಕದ್ದಮೆ ದಾಖಲಾಯಿತು. ಎರಡೇ ದಿನದಲ್ಲಿ ವಿಶೇಷ ತನಿಖಾ ತಂಡ ಬಂತು. ಕೇಂದ್ರ ಗುಪ್ತಚರ ದಳದವರೂ ಸೇರಿಕೊಂಡರು. ಮರಿಯಂಳ ಗೆಳತಿ ಫೌಜಿಯಾ ಹಸನ್ ಆಗಲೇ ಬಂಧನದಲ್ಲಿದ್ದಳು. ನವೆಂಬರ್ 21ರಂದು ಶಶಿಕುಮಾರನ್, 30ರಂದು ನಂಬಿ ನಾರಾಯಣನ್ ಅವರನ್ನು ಹಿಡಿದರು. ಬೆಂಗಳೂರಿನ ಇಬ್ಬರನ್ನೂ ಹಿಡಿದರು.

ಬೆಂಗಳೂರಿನ ಕೊಂಡಿ ಯಾವುದು? ಒಂದು ಸ್ಕೂಲ್ ಸೀಟು. ಫೌಜಿಯಾ ತನ್ನ ಮಗಳನ್ನು ಬೆಂಗಳೂರಿನಲ್ಲಿ ಓದಿಸಬೇಕೆಂದಿದ್ದಳು. ಪ್ರಯಾಣದಲ್ಲಿ ಪರಿಚಯವಾದ ಚಂದ್ರಶೇಖರ್ ಅವರನ್ನು ಸಹಾಯ ಕೇಳಿದಳು. ಅವರು ಕಾರ್ಮಿಕರನ್ನು ಒದಗಿಸುವ ಗುತ್ತಿಗೆದಾರರಾಗಿದ್ದ ತಮ್ಮ ಸ್ನೇಹಿತ ಎಸ್.ಕೆ. ಶರ್ಮ ಅವರಿಗೆ ಹೇಳಿದರು. ‘ಯಾರಾದರೂ ಗೊತ್ತಿರೋರು ಇದ್ದಾರಾ ಸಾರ್, ಒಂದು ಸೀಟು ಬೇಕಿತ್ತು’ ಎಂದು ಕೇಳದ, ಕೇಳಿಸಿಕೊಳ್ಳದ ಮನೆ ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಇದೆಯೇ? ಆದರೆ ಒಬ್ಬ ಗ್ಲಾವ್‌ಕಾಸ್ಮೋಸ್‌ಗೆ ಕೆಲಸ ಮಾಡಿದ್ದವನು, ಶಶಿಕುಮಾರನ್ ಪರಿಚಯ ಇದ್ದವನು ಎಂದಾಗ ಆ ಸೀಟಿನ ಮಾತುಕತೆಯೂ ಸಂಚಿನ ಭಾಗವಾಗಿ ಓದಿಸಿಕೊಂಡಿತು. ರಷ್ಯ, ಪಾಕಿಸ್ತಾನ, ಮಾಲ್ದೀವ್ಸ್, ನಡುವೆ ಬೆಂಗಳೂರಿನ ದಲ್ಲಾಳಿ: ಪೊಲೀಸರ ಕತೆಗೆ ಬೇಕಾದ ಪಾತ್ರಗಳೆಲ್ಲ ಒದಗಿಬಂದವು.

ಕತೆ ಇಷ್ಟು: ವಿಕಾಸ್ ಮತ್ತು ಕ್ರಯೋಜೆನಿಕ್ ಎಂಜಿನ್ನುಗಳ ರೇಖಾಚಿತ್ರಗಳನ್ನು ವಿಜ್ಞಾನಿಗಳು ದುಡ್ಡಿಗೆ ಮಾರಿದರು, ಹೆಂಗಸರು ಅವನ್ನು ಪಾಕಿಸ್ತಾನಕ್ಕೆ ದಾಟಿಸಿದರು. ಮಲಯಾಳಂ ಪತ್ರಿಕೆಗಳು ಪೈಪೋಟಿಗೆ ಬಿದ್ದು ದಿನಕ್ಕೊಂದು ಕಂತು ಬರೆದವು. ಪೊಲೀಸ್ ಕೋಣೆಯಲ್ಲಿ ಮಧ್ಯಾಹ್ನ ಆಡಿದ್ದೆಂದು ಹೇಳಲಾದ ಮಾತು ಬೆಳಿಗ್ಗೆ ಮನೆಮನೆಯ ಜಗುಲಿಗೆ ಬರುತ್ತಿತ್ತು. ಕೇರಳ ಕಾಂಗ್ರೆಸ್ಸಿನೊಳಗೆ ಮುಖ್ಯಮಂತ್ರಿ ಕೆ. ಕರುಣಾಕರನ್ ಬಣಕ್ಕೂ ಎ.ಕೆ. ಆಂಟನಿ ಬಣಕ್ಕೂ ಆಗಲೇ ಹಗ್ಗಜಗ್ಗಾಟವಿತ್ತು. ಹಿರಿಯ ಪೊಲೀಸ್ ಅಧಿಕಾರಿ ರಮಣ್ ಶ್ರೀವಾಸ್ತವ ಅವರ ಹೆಸರೂ ಗಾಳಿಗೆ ಬಂದಾಗ, ಮುಖ್ಯಮಂತ್ರಿ ತಮ್ಮವನನ್ನು ಕಾಪಾಡುತ್ತಿದ್ದಾರೆಂಬ ಕೂಗೆದ್ದಿತು. 1995ರ ಮಾರ್ಚ್‌ನಲ್ಲಿ ಕರುಣಾಕರನ್ ರಾಜೀನಾಮೆ ಕೊಟ್ಟರು, ಆಂಟನಿ ಬಂದರು. ರಾಕೆಟ್ಟಿನ ಗುಟ್ಟು ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ, ಸರ್ಕಾರ ಮಾತ್ರ ಹೋಯಿತು.

ತನಿಖೆ ಸಿಬಿಐ ಕೈಗೆ ಹೋದದ್ದು 1994ರ ಡಿಸೆಂಬರ್ ಮೊದಲ ವಾರದಲ್ಲಿ. ತಿರುವು ಸಿಕ್ಕಿದ್ದು ಇಲ್ಲಿ. ಸಿಬಿಐನವರು ಮಾಡಿದ್ದು ಬಹಳ ಸರಳವಾದ ಕೆಲಸ. ಇಸ್ರೋದವರನ್ನೇ ಕೂರಿಸಿಕೊಂಡು, ಕದ್ದದ್ದಾದರೂ ಏನು ಎಂದು ಕೇಳಿದರು. ಕ್ರಯೋಜೆನಿಕ್ ತಂತ್ರಜ್ಞಾನ ಆಗ ಇಸ್ರೋ ಬಳಿ ಇರಲೇ ಇಲ್ಲವಾದ್ದರಿಂದ ಅದನ್ನು ಮಾರುವ ಪ್ರಶ್ನೆಯೇ ಇಲ್ಲ. ವಿಕಾಸ್ ರೇಖಾಚಿತ್ರಗಳನ್ನು ಇಸ್ರೋದ ಸಮಿತಿ ಎಣಿಸಿ ನೋಡಿತು; ಬೇಹುಗಾರಿಕೆ ಎನ್ನುವಂಥ ನಷ್ಟವೇನೂ ಕಾಣಲಿಲ್ಲ. ಮನೆ ಜಪ್ತಿಯಲ್ಲಿ ದುಡ್ಡಾಗಲಿ ಕಾಗದವಾಗಲಿ ಸಿಕ್ಕಿರಲಿಲ್ಲ. ಆರೋಪಿಗಳದೆಂದು ಬರೆದುಕೊಂಡ ತಪ್ಪೊಪ್ಪಿಗೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಕಸ್ಟಡಿಯಲ್ಲಿ ಹಿಂಸೆ ಕೊಟ್ಟು ಹೇಳಿಸಿದರೆಂದು ಆರೋಪಿಗಳು ಸಿಬಿಐ ಮುಂದೆ ಹೇಳಿದರು. ಹೆಂಗಸರು ಶಶಿಕುಮಾರನ್ ಅವರನ್ನು ಹುಡುಕಿಕೊಂಡು ಹೋಗಿದ್ದು ಡಾಕ್ಟರನ್ನು ಕಾಣಲು. ಅವರ ಹೆಂಡತಿ ವೈದ್ಯೆ.

ಸಿಬಿಐ ಕೊನೆಗೆ ಕೊಟ್ಟ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು ಬೇರೆಯೇ ಇದೆ. ರೇಖಾಚಿತ್ರಗಳಿಗೆ ‘ರಹಸ್ಯ’, ‘ಪರಮ ರಹಸ್ಯ’ ಎಂದು ಮುದ್ರೆ ಒತ್ತುವ ಪದ್ಧತಿ ಇಸ್ರೋದಲ್ಲಿ ಇರಲಿಲ್ಲ. ವಿಜ್ಞಾನಿಗಳಿಗೆ ಬೇಕಾದ ದಾಖಲೆ ಸಿಗುತ್ತಿತ್ತು, ಓದಿಕೊಳ್ಳಲು ಕಚೇರಿಯಿಂದ ಹೊರಗೆ ಒಯ್ಯಲೂ ಅಡ್ಡಿ ಇರಲಿಲ್ಲ. ಪೊಲೀಸ್ ಕಣ್ಣಿಗೆ ಇದು ಬೀಗವಿಲ್ಲದ ಖಜಾನೆ. ಧವನ್ ಕಾಲದಲ್ಲಿ ಬೆಳೆದವರಿಗೆ ಇದು ಲೈಬ್ರರಿ. ಲೈಬ್ರರಿಯಿಂದ ಪುಸ್ತಕ ಮನೆಗೆ ಒಯ್ದವನನ್ನು ಕಳ್ಳನೆನ್ನಬೇಕಾದರೆ ಆ ಪುಸ್ತಕ ಯಾರ ಕೈಗೆ ಹೋಯಿತೆಂದು ತೋರಿಸಬೇಕಲ್ಲ? ಅದನ್ನು ಯಾರೂ ತೋರಿಸಲಿಲ್ಲ. ಹನ್ನೊಂದು ವರ್ಷ ಫ್ರೆಂಚರ ಪಕ್ಕದಲ್ಲೇ ಕೂತು ಕಲಿಯಬೇಕಾದ ಎಂಜಿನ್ನನ್ನು ಪಾಕಿಸ್ತಾನ ಸುರುಳಿ ಸುತ್ತಿದ ಹಾಳೆಗಳಿಂದ ಮಾಡಿಕೊಂಡೀತೇ ಎಂಬ ಅನುಮಾನವಾದರೂ ಮೊದಲ ವಾರದಲ್ಲಿ ಒಬ್ಬ ತನಿಖಾಧಿಕಾರಿಗೆ ಬಂದಿದ್ದರೆ ಮೊಕದ್ದಮೆ ಅಲ್ಲೇ ಮುಗಿಯುತ್ತಿತ್ತು.

ನಮ್ಮ ಠಾಣೆಗಳಲ್ಲಿ ‘ಬಿ ರಿಪೋರ್ಟ್’ ಎನ್ನುವಂಥ ಮುಕ್ತಾಯ ವರದಿಯನ್ನು ಸಿಬಿಐ 1996ರ ಏಪ್ರಿಲ್‌ನಲ್ಲಿ ಎರ್ನಾಕುಲಂ ನ್ಯಾಯಾಲಯಕ್ಕೆ ಕೊಟ್ಟಿತು. ಮೇ 2ರಂದು ನ್ಯಾಯಾಲಯ ಅದನ್ನು ಒಪ್ಪಿ ಆರೂ ಜನರನ್ನು ಬಿಟ್ಟಿತು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅದೇ ತಿಂಗಳು ಕೇರಳದಲ್ಲಿ ಸರ್ಕಾರ ಬದಲಾಗಿ ಇ.ಕೆ. ನಾಯನಾರ್ ಮುಖ್ಯಮಂತ್ರಿಯಾದರು. ಜೂನ್ ಕೊನೆಗೆ ಹೊಸ ಸರ್ಕಾರ ಸಿಬಿಐಗೆ ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂಪಡೆದು, ರಾಜ್ಯ ಪೊಲೀಸರಿಂದ ಮರುತನಿಖೆಗೆ ಆದೇಶಿಸಿತು. ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಬಿಡುಗಡೆಯಾದೆವೆಂದುಕೊಂಡಿದ್ದವರು ಸುಪ್ರೀಂ ಕೋರ್ಟಿಗೆ ಹೋದರು. ಮೇಲ್ಮನವಿದಾರರ ಪಟ್ಟಿಯಲ್ಲಿ ಮೊದಲ ಹೆಸರು ಕೆ. ಚಂದ್ರಶೇಖರ್ ಅವರದಾದ್ದರಿಂದ ತೀರ್ಪಿಗೂ ಅದೇ ಹೆಸರಾಯಿತು.

1998ರ ಏಪ್ರಿಲ್ 29ರಂದು ನ್ಯಾಯಮೂರ್ತಿಗಳಾದ ಎಂ.ಕೆ. ಮುಖರ್ಜಿ ಮತ್ತು ಸೈಯದ್ ಷಾ ಮೊಹಮ್ಮದ್ ಖಾದ್ರಿ ಅವರ ಪೀಠ ಮರುತನಿಖೆಯನ್ನು ರದ್ದು ಮಾಡಿತು. ಒಪ್ಪಿಗೆ ಕೊಟ್ಟು ತನಿಖೆ ಶುರುವಾದ ಮೇಲೆ ಅದು ಮುಗಿಯುವ ತನಕ ನಡೆಯಬೇಕು. ಫಲಿತಾಂಶ ಹಿಡಿಸಲಿಲ್ಲವೆಂದು ಸರ್ಕಾರ ತನಿಖೆಯನ್ನು ಕಿತ್ತುಕೊಳ್ಳುವಂತಿಲ್ಲ. ಆರೋಪ ಹೊತ್ತವರಿಗೆ ಕೇರಳ ಸರ್ಕಾರ ತಲಾ 1 ಲಕ್ಷ ರೂಪಾಯಿ ಕೊಡಬೇಕೆಂದೂ ಹೇಳಿತು. ನಂಬಿ ನಾರಾಯಣನ್ ಸುಮಾರು 50 ದಿನ ಬಂಧನದಲ್ಲಿದ್ದವರು. ಮಾಲ್ದೀವ್ಸ್‌ನ ಹೆಂಗಸರಿಬ್ಬರು ಮೂರು ವರ್ಷಕ್ಕೂ ಹೆಚ್ಚು ಕಾಲ ಭಾರತದ ಜೈಲಿನಲ್ಲಿ ಕಳೆದರು. ಫೌಜಿಯಾಳ ಮಗಳ ಓದು ಏನಾಯಿತೆಂದು ತೀರ್ಪು ಬರೆಯುವವರು ಕೇಳಬೇಕಾದ ಪ್ರಶ್ನೆಯಲ್ಲ, ಯಾರೂ ಕೇಳಲೂ ಇಲ್ಲ.

ಈ ಪ್ರಕರಣದ ಹಿಂದೆ ಯಾರಿದ್ದರು ಎಂಬ ಜಗಳ ಇನ್ನೂ ನಿಂತಿಲ್ಲ. ಭಾರತದ ಕ್ರಯೋಜೆನಿಕ್ ಯೋಜನೆಯನ್ನು ಮುರಿಯಲು ಅಮೆರಿಕದ ಸಿಐಎ ಹೂಡಿದ ಆಟ ಇದು ಎನ್ನುವುದು ನಂಬಿ ನಾರಾಯಣನ್ ಅವರ ವಾದ. ನಿರ್ಬಂಧ ಬಂದದ್ದು 1992ರಲ್ಲಿ, ಬಂಧನ 1994ರಲ್ಲಿ ಎಂಬುದು ಈ ವಾದಕ್ಕೆ ಬಲ ಕೊಡುತ್ತದೆ ನಿಜ. ಆದರೆ ಒಂದರ ಹಿಂದೆ ಒಂದು ನಡೆಯಿತೆಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತೆನ್ನಲಾಗದು. ಪ್ರಕರಣವನ್ನು ಮೊದಲಿಂದ ಬೆನ್ನುಹತ್ತಿದ ಪತ್ರಕರ್ತ ಜೆ. ರಾಜಶೇಖರನ್ ನಾಯರ್, ಮೊಕದ್ದಮೆ ಸುಳ್ಳೆಂದು ಎಲ್ಲರಿಗಿಂತ ಮುಂಚೆ ಬರೆದವರಲ್ಲೊಬ್ಬರಾದರೂ, ನಂಬಿಯವರ ಹಲವು ಹೇಳಿಕೆಗಳನ್ನು ಒಪ್ಪುವುದಿಲ್ಲ. 2022ರಲ್ಲಿ ಇಸ್ರೋದ ಕೆಲವು ನಿವೃತ್ತ ಹಿರಿಯರು ಪತ್ರಿಕಾಗೋಷ್ಠಿ ಕರೆದು, ವಿಕಾಸ್ ಎಂಜಿನ್ನಿನ ಶ್ರೇಯಸ್ಸು ಒಬ್ಬರದಲ್ಲ, ಬಂಧನದಿಂದಲೇ ಕ್ರಯೋಜೆನಿಕ್ ತಡವಾಯಿತೆನ್ನುವುದೂ ಸರಿಯಲ್ಲ ಎಂದರು. ನನ್ನ ಅಂದಾಜಿನಲ್ಲಿ, ಹೊರಗಿನ ಸಂಚು ಇತ್ತೋ ಇಲ್ಲವೋ ಅದಿಲ್ಲದೆಯೂ ಈ ಮೊಕದ್ದಮೆ ಹುಟ್ಟಬಹುದಿತ್ತು. ವೀಸಾ ಕಚೇರಿಯ ದರ್ಪ, ಪತ್ರಿಕೆಗಳ ಹಸಿವು, ಪಕ್ಷದೊಳಗಿನ ಜಗಳ ಮೂರೂ ಸ್ಥಳೀಯ ಸರಕು.

ಎಂಜಿನ್ ತಡವಾದದ್ದಂತೂ ದಾಖಲೆಯಲ್ಲಿದೆ. ರಷ್ಯದ ಎಂಜಿನ್ ಹೊತ್ತ ಮೊದಲ ಜಿಎಸ್‌ಎಲ್‌ವಿ ಹಾರಿದ್ದು 2001ರ ಏಪ್ರಿಲ್ 18ರಂದು. ನಮ್ಮದೇ ಎಂಜಿನ್ ಹೊತ್ತ ರಾಕೆಟ್ 2010ರ ಏಪ್ರಿಲ್ 15ರಂದು ಹೊರಟಿತು. ಇಂಧನ ತಳ್ಳುವ ಬೂಸ್ಟರ್ ಪಂಪು ನಿಂತುಹೋಗಿ ಬಂಗಾಳ ಕೊಲ್ಲಿಗೆ ಬಿತ್ತು. ಗೆದ್ದದ್ದು 2014ರ ಜನವರಿ 5ರಂದು. ಮಾಡಬೇಕೆಂದು ಹೊರಟು ಇಪ್ಪತ್ತು ವರ್ಷ. ಈ ನಡುವೆ 1998ರ ಪೋಖ್ರಾನ್ ಪರೀಕ್ಷೆಗಳ ನಂತರ ಅಮೆರಿಕ ಇಸ್ರೋದ ಘಟಕಗಳನ್ನು ನಿರ್ಬಂಧಿತರ ಪಟ್ಟಿಗೆ ಸೇರಿಸಿತ್ತು. ಆ ಪಟ್ಟಿಯಿಂದ ತೆಗೆದದ್ದು 2011ರಲ್ಲಿ. ಈಗ ಕ್ರಯೋಜೆನಿಕ್ ಎಂಜಿನ್ ತಯಾರಾಗುವ ಕಾರ್ಖಾನೆಯೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿದೆ. 208 ಕೋಟಿ ರೂಪಾಯಿಯಲ್ಲಿ ಕಟ್ಟಿದ್ದನ್ನು 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. 1991ರಲ್ಲಿ ರಷ್ಯ ಕೇಳಿದ್ದ 235 ಕೋಟಿಯ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡಬಾರದು, ರೂಪಾಯಿಯೇ ಬೇರೆಯಾಗಿದೆ.

ಬಾಗಿಲುಗಳೂ ಬದಲಾದವು. ಆದರೆ ಟಾಟಾ ಇನ್‌ಸ್ಟಿಟ್ಯೂಟಿನ ಗೇಟು ಬಿಗಿಯಾದದ್ದು ಗೂಢಚಾರರ ಭಯದಿಂದಲ್ಲ. 2005ರ ಡಿಸೆಂಬರ್ 28ರ ಸಂಜೆ, ಒಂದು ಅಂತರರಾಷ್ಟ್ರೀಯ ವಿಚಾರಸಂಕಿರಣ ಮುಗಿಸಿ ಜೆ.ಎನ್. ಟಾಟಾ ಸಭಾಂಗಣದಿಂದ ಹೊರಬರುತ್ತಿದ್ದವರ ಮೇಲೆ ಬಂದೂಕುಧಾರಿಗಳು ಗುಂಡು ಹಾರಿಸಿದರು. ದೆಹಲಿ ಐಐಟಿಯ ಗಣಿತದ ನಿವೃತ್ತ ಪ್ರಾಧ್ಯಾಪಕ ಎಂ.ಸಿ. ಪುರಿ ತೀರಿಕೊಂಡರು. ಅಲ್ಲಿಂದಾಚೆ ಯಶವಂತಪುರ, ಮಲ್ಲೇಶ್ವರದವರಿಗೆ ಒಳಗೆ ಹೋಗುವುದು ಮೊದಲಿನಷ್ಟು ಸಲೀಸಾಗಿ ಉಳಿಯಲಿಲ್ಲ. ಕಾಗದ ಕದ್ದರೆಂದು ಹತ್ತು ವರ್ಷ ಕೋಲಾಹಲ ನಡೆದ ದೇಶದಲ್ಲಿ ವಿಜ್ಞಾನಿಗಳ ಜೀವಕ್ಕೆ ಕಾವಲು ಎಷ್ಟಿತ್ತೆಂಬುದು ಆ ಸಂಜೆ ಗೊತ್ತಾಯಿತು.

ನಂಬಿ ನಾರಾಯಣನ್ ಬಿಡಲಿಲ್ಲ. 2018ರ ಸೆಪ್ಟೆಂಬರ್ 14ರಂದು ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ಅವರ ಪೀಠ, ಬಂಧನ ಅನಗತ್ಯವಾಗಿತ್ತೆಂದು ಹೇಳಿ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು; ತಪ್ಪು ಮಾಡಿದ ಅಧಿಕಾರಿಗಳ ವಿಷಯ ನೋಡಲು ನ್ಯಾಯಮೂರ್ತಿ ಡಿ.ಕೆ. ಜೈನ್ ಅವರ ಸಮಿತಿ ನೇಮಿಸಿತು. ಮರುವರ್ಷ ಪದ್ಮಭೂಷಣ ಬಂತು. 2020ರಲ್ಲಿ ಕೇರಳ ಸರ್ಕಾರ ಇನ್ನೂ 1.3 ಕೋಟಿ ಕೊಟ್ಟು ಅವರ ದಾವೆಯನ್ನು ರಾಜಿ ಮಾಡಿಕೊಂಡಿತು. ಅವರಿಗೆ ಸಿಕ್ಕಿದ್ದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ.

ಬೆಂಗಳೂರಿನ ಇಬ್ಬರ ಪಾಲು ಬೇರೆಯಾಯಿತು. ಚಂದ್ರಶೇಖರ್ ವಿದ್ಯಾರಣ್ಯಪುರದ ಮನೆಯಲ್ಲಿ ಸದ್ದಿಲ್ಲದೆ ಬದುಕಿದ್ದವರು. 2018ರ ಸೆಪ್ಟೆಂಬರ್ 16ರಂದು, ಆ ತೀರ್ಪು ಬಂದ ಎರಡೇ ದಿನಕ್ಕೆ, ನಗರದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಆಗ ಅವರಿಗೆ 76 ವರ್ಷ. ಶರ್ಮ ತೀರ್ಪನ್ನು ಕೇಳಿಸಿಕೊಂಡರು, ಆದರೆ ಅದರಲ್ಲಿ ತಮಗೇನೂ ಇರಲಿಲ್ಲ. ತಾವು 1990ರ ದಶಕದಲ್ಲೇ ಹೂಡಿದ್ದ ಪರಿಹಾರದ ದಾವೆ ಇತ್ಯರ್ಥವಾಗುವ ಮೊದಲೇ, ಅದೇ ನವೆಂಬರ್ ಆರಂಭದಲ್ಲಿ ಕ್ಯಾನ್ಸರಿಗೆ ಬಲಿಯಾದರು. ವಿಜ್ಞಾನಿಯ ಮಾನಕ್ಕೆ ಇರುವ ಬೆಲೆ ಸೀಟು ಕೊಡಿಸಲು ಹೋದ ಗುತ್ತಿಗೆದಾರನ ಮಾನಕ್ಕೂ ಇರಬೇಕೆಂದು ವಾದಿಸುವವರು ಯಾರೂ ಇರಲಿಲ್ಲ. ಫೌಜಿಯಾ ಹಸನ್ 2022ರಲ್ಲಿ ಶ್ರೀಲಂಕಾದಲ್ಲಿ ತೀರಿಹೋದಳು.

ಜೈನ್ ಸಮಿತಿಯ ವರದಿಯನ್ನು ನೋಡಿ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಮತ್ತೆ ಸಿಬಿಐ ತನಿಖೆಗೆ ಹೇಳಿತು. ಈ ಸಲ ತನಿಖೆ, ತನಿಖೆ ನಡೆಸಿದ್ದವರ ಮೇಲೆ. 2024ರ ಜೂನ್‌ನಲ್ಲಿ ಐವರು ನಿವೃತ್ತ ಪೊಲೀಸ್ ಮತ್ತು ಗುಪ್ತಚರ ಅಧಿಕಾರಿಗಳ ಮೇಲೆ ತಿರುವನಂತಪುರದ ನ್ಯಾಯಾಲಯಕ್ಕೆ ಆರೋಪಪಟ್ಟಿ ಸಲ್ಲಿಕೆಯಾಯಿತು. ಮರಿಯಂ ರಶೀದಾಳ ಅಕ್ರಮ ಬಂಧನವನ್ನು ಸಮರ್ಥಿಸಿಕೊಳ್ಳಲು ಇಡೀ ಬೇಹುಗಾರಿಕೆ ಕತೆಯನ್ನು ಹೆಣೆಯಲಾಯಿತು ಎಂಬುದು ಸಿಬಿಐ ಹೇಳಿಕೆ. ಆರೋಪಿಗಳು ಅದನ್ನು ಒಪ್ಪಿಲ್ಲ. ಅದು ಸಾಬೀತಾಗಬೇಕಾದದ್ದು ವಿಚಾರಣೆಯಲ್ಲಿ, ಮತ್ತು ಅವರಿಗೂ ಪತ್ರಿಕೆಯ ಮುಖಪುಟದಲ್ಲಲ್ಲದೆ ನ್ಯಾಯಾಲಯದಲ್ಲೇ ತೀರ್ಪು ಸಿಗಬೇಕು.